ನೀರಿಗೆ ಯಾವ ಅಂಗಿ? ಸೋರೆಬುರುಡೆಯಿಂದ ಡ್ರೈಸೂಟ್ ತನಕ

ಭಾಗ 1/10 | ಬಿಸಿಲೂರಾಗ ಡ್ರೈಸೂಟ್ ಮಾತ್ಯಾಕ?

ನಿಮ್ಮ ಫೀಡ್‌ನಾಗೂ ಒಮ್ಮೆಯಾದ್ರೂ ಬಂದಿರ್ತದ ಈ ರೀಲ್. ಸುತ್ತ ಹಿಮದ ಗುಡ್ಡ, ನಡುವೆ ಕಪ್ಪು ನೀರು. ಕಿತ್ತಳೆ ಬಣ್ಣದ ಸೂಟ್ ಹಾಕ್ಕೊಂಡ ಒಬ್ಬಾತ ಕಯಾಕ್ ಸಮೇತ ಬುಡಮೇಲಾಗ್ತಾನ, ಹುಟ್ಟು ಒಂದ್ಸಲ ಬೀಸಿ ಮತ್ತೆ ಮೇಲೇಳ್ತಾನ. ಮುಖ ತೊಯ್ದಿರ್ತದ, ಸೂಟ್ ಒಳಗಿನ ಮೈ ಮಾತ್ರ ಒಣ. ಅದಕ್ಕೇ ಆ ಬಟ್ಟೆಗೆ ಡ್ರೈಸೂಟ್ ಅಂತಾರ.

ಬ್ಯಾಸಿಗ್ಯಾಗ 40 ಡಿಗ್ರಿ ದಾಟೋ ಯಾದಗಿರಿಯಾಗ ಕೂತು ಇದನ್ನ ನೋಡಿದ್ರ ಬೇರೆ ಗ್ರಹದ ಸುದ್ದಿ ಅನಸ್ತದ. ನಮಗೂ ಅದಕ್ಕೂ ಏನು ಸಂಬಂಧ? ಸಂಬಂಧ ಅದ. ಆ ಸೂಟ್ ಹಿಂದಿರೋ ಪ್ರಶ್ನೆ ಭಾಳ ಹಳೇದು: ನೀರಿಗೆ ಇಳಿಯೋ ಮನುಷ್ಯ ಜೀವ ಉಳಿಸ್ಕೊಳ್ಳೋಕೆ ಮೈಗೆ ಏನು ಕಟ್ಕೋಬೇಕು? ಈ ಪ್ರಶ್ನೆಗೆ ಗ್ರೀನ್‌ಲ್ಯಾಂಡ್‌ನವರು ಸೀಲ್ ಪ್ರಾಣಿಯ ಚರ್ಮದಾಗ ಉತ್ತರ ಹುಡುಕಿದ್ರು. ನಮ್ಮ ಕೃಷ್ಣಾ ದಂಡೆಯವರು ಎಮ್ಮೆ ಚರ್ಮ, ಬಿದಿರು, ಸೋರೆಬುರುಡೆಯಾಗ ಹುಡುಕಿದ್ರು.

ಈ ಸರಣಿಯಾಗ ಹತ್ತು ಪೋಸ್ಟ್ ಇರ್ತಾವ. ಮೊದಲು ತಣ್ಣೀರು ಮೈಗೆ ಏನು ಮಾಡ್ತದ ಅಂತ ನೋಡೋಣ. ಆಮೇಲೆ ಗ್ರೀನ್‌ಲ್ಯಾಂಡ್‌ಗೆ ಹೋಗಿ, ಅಲ್ಲಿಂದ ನಮ್ಮ ಹರಿಗೋಲಿಗೆ ಬಂದು, ಸುರಪುರ ತಾಲ್ಲೂಕಿನ ಒಂದು ನಡುಗಡ್ಡೆಯಾಗ 2014ರಾಗ ಏನಾಯ್ತು ಅಂತ ನೆನಪು ಮಾಡ್ಕೊಳ್ಳೋಣ. ಕೊನೆಗೆ ಡ್ರೈಸೂಟ್ ಹೆಂಗ ಆರಿಸೋದು, ಮತ್ತ ನಮ್ಮ ಭೀಮಾ-ಕೃಷ್ಣಾಕ್ಕೆ ಏನು ಆರಿಸೋದು ಅಂತ ಪಟ್ಟಿ ಮಾಡೋಣ.

ನಾನು ಬಿಕಾಂ ಓದೋ ವಿದ್ಯಾರ್ಥಿ. ನಮಗ ಒಂದು ಮಾತು ಪದೇ ಪದೇ ಹೇಳಿಕೊಡ್ತಾರ: ಏನನ್ನಾದ್ರೂ ಕೊಳ್ಳೋ ಮುಂಚೆ ಯಾವ ರಿಸ್ಕ್‌ಗೆ ಕೊಳ್ಳಾಕತ್ತೀವಿ ಅನ್ನೋದು ಗೊತ್ತಿರಬೇಕು. ಇಡೀ ಸರಣಿ ಈ ಒಂದು ಮಾತಿನ ಮ್ಯಾಲೇ ನಿಂತದ. ಸ್ವೈಪ್ ಮಾಡ್ರಿ.

ಭಾಗ 2/10 | ತಣ್ಣೀರು ಮೊದಲು ಕಸಿಯೋದು ಉಸಿರು

ನೀರಿನಾಗ ಸಾಯೋದು ಅಂದ್ರ ಮುಳುಗಿ ಸಾಯೋದು ಅಂತ ನಾವು ತಿಳ್ಕೊಂಡೀವಿ. 1912ರ ಏಪ್ರಿಲ್‌ನಾಗ ಟೈಟಾನಿಕ್ ಮುಳುಗಿದಾಗ ನೀರಿಗೆ ಬಿದ್ದ ಭಾಳ ಮಂದಿಯ ಮೈಮ್ಯಾಲೆ ಲೈಫ್ ಜಾಕೆಟ್ ಇತ್ತು. ಅವರು ತೇಲ್ತಾನೇ ಇದ್ರು. ಆದ್ರ ಸಮುದ್ರದ ನೀರು ಸೊನ್ನೆ ಡಿಗ್ರಿಗಿಂತ ಕೆಳಗಿತ್ತು. ಅವರನ್ನ ಕೊಂದಿದ್ದು ಚಳಿ.

ಯಾಕಂದ್ರ ನೀರು ಮೈಯಿನ ಬಿಸಿಯನ್ನ ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಎಳ್ಕೊಂಡು ಹೋಗ್ತದ. 10 ಡಿಗ್ರಿ ಗಾಳಿಯಾಗ ಸ್ವೆಟರ್ ಹಾಕ್ಕೊಂಡು ಚಹಾ ಕುಡೀತಾ ನಿಲ್ಲಬಹುದು. 10 ಡಿಗ್ರಿ ನೀರಿನಾಗ ಅಷ್ಟು ಹೊತ್ತು ನಿಂತ್ರ ಕೈಯಾಗಿನ ಕಪ್ಪೂ ಹಿಡಿಯಾಕ ಆಗಲ್ಲ.

ತಣ್ಣೀರಿನ ಬಗ್ಗೆ ಕಲಿಸೋವ್ರು ಮೂರು ಅಂಕಿ ಹೇಳ್ತಾರ: 1-10-1. ಅಗದಿ ತಣ್ಣನೆ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ನಮ್ಮ ಕೈಯಾಗ ಇರಲ್ಲ. ಚಳಿ ತಾಗಿದ ಕೂಡ್ಲೇ ಬಾಯಿ ತಾನಾಗೇ ತೆರೆದು ಜೋರಾಗಿ ಉಸಿರು ಎಳೀತದ. ಆ ಗಳಿಗ್ಯಾಗ ತಲೆ ನೀರೊಳಗಿದ್ರ ಎಳ್ಕೊಳ್ಳೋದು ನೀರನ್ನ. ಆಮೇಲಿನ 10 ನಿಮಿಷದಾಗ ಕೈಕಾಲಿನ ಶಕ್ತಿ ಇಳ್ಕೊಂತ ಹೋಗ್ತದ, ಬೆರಳು ಹಗ್ಗ ಹಿಡಿಯಲ್ಲ, ಎಂಥ ಈಜುಗಾರನಿಗೂ ಈಜು ಬರಲ್ಲ. ಸುಮಾರು 1 ಗಂಟೆಯಾಗ ಮೈಯಿನ ಒಳಗಿನ ಬಿಸಿ ಇಳಿದು ಎಚ್ಚರ ತಪ್ಪತದ. ನೀರಿನ ಬಿಸಿ, ಮೈಯಿನ ದಪ್ಪ ನೋಡಿ ಅಂಕಿ ಹೆಚ್ಚುಕಮ್ಮಿ ಆಗ್ತಾವ, ಸರದಿ ಮಾತ್ರ ಇದೇ.

ಅದಕ್ಕೇ ತಣ್ಣೀರಿನ ಕಯಾಕಿಗರು ಒಬ್ಬರಿಗೊಬ್ಬರು ಹೇಳ್ಕೊಳ್ಳೋ ಮೊದಲ ಪಾಠ ಇದು: ಬಟ್ಟೆ ಹಾಕ್ಕೊಳ್ಳೋದು ಗಾಳಿ ನೋಡಿ ಅಲ್ಲ, ನೀರು ನೋಡಿ. ಮ್ಯಾಲೆ ಚೆಂದ ಬಿಸಿಲು ಬಿದ್ದಿರ್ತದ, ಕೆಳಗೆ ಆಗಷ್ಟೇ ಕರಗಿದ ಹಿಮ ಹರೀತಿರ್ತದ. ಬಿಸಿಲು ನಂಬಿ ಟೀಶರ್ಟ್‌ನಾಗ ಇಳಿದವನಿಗೆ ಮೊದಲ ನಿಮಿಷವೇ ಕೊನೇದು ಆಗಬಹುದು.

ಭಾಗ 3/10 | ಸೂಜಿ ಹಿಡಿದವರು ಮಾಡಿದ ದೋಣಿ

ಈ ಪಾಠವನ್ನ ಪುಸ್ತಕ ಇಲ್ಲದೇ ಕಲಿತವರು ಆರ್ಕ್‌ಟಿಕ್ ಪ್ರದೇಶದ ಇನುಯಿಟ್ ಜನ. ಅಲ್ಲಿ ಮರ ಬೆಳೆಯಲ್ಲ. ಸಮುದ್ರದಾಗ ತೇಲಿ ಬಂದ ಕಟ್ಟಿಗೆ, ಎಲುಬು, ಚರ್ಮ, ಇಷ್ಟೇ ಸಿಗೋ ಸಾಮಾನು. ಅದರಾಗೇ ಕಯಾಕ್ ಕಟ್ಟಿದ್ರು. ಒಳಗೆ ತೆಳ್ಳನೆ ಹಂದರ, ಹೊರಗೆ ಬಿಗಿಯಾಗಿ ಹೊಲಿದ ಸೀಲ್ ಚರ್ಮ, ನಡುವೆ ಒಬ್ಬನೇ ಕೂರೋವಷ್ಟು ಕಿಂಡಿ.

ಕಿಂಡಿಯಿಂದ ನೀರು ಒಳಗೆ ನುಗ್ಗಿದ್ರ ಏನು ಮಾಡೋದು? ಅದಕ್ಕೆ ಗ್ರೀನ್‌ಲ್ಯಾಂಡ್‌ನವರು ತುಯಿಲಿಕ್ ಅನ್ನೋ ಅಂಗಿ ಮಾಡಿದ್ರು. ಇದಕ್ಕ ತಲೆಗೆ ಟೋಪಿ ಅದ, ಮುಖದ ಸುತ್ತ ಬಿಗಿಯೋ ದಾರ ಅದ, ಮುಂಗೈಗೆ ಬಿಗಿಯೋ ಪಟ್ಟಿ ಅದ. ಅಂಗಿಯ ಕೆಳ ಅಂಚನ್ನ ಕಯಾಕ್‌ನ ಕಿಂಡಿಯ ಬಳೆಗೇ ಕಟ್ಟಿಬಿಡ್ತಾರ. ಕಟ್ಟಿದ ಮ್ಯಾಲೆ ಮನುಷ್ಯ ಬ್ಯಾರೆ, ದೋಣಿ ಬ್ಯಾರೆ ಅಂತ ಇರಲ್ಲ. ಮಗುಚಿದ್ರ ಇಬ್ಬರೂ ಮಗುಚ್ತಾರ, ಎದ್ರ ಇಬ್ಬರೂ ಏಳ್ತಾರ. ರೀಲ್‌ನಾಗ ನೋಡಿದ ಆ ಉರುಳಾಟ ಹುಟ್ಟಿದ್ದು ಇಲ್ಲೇ. ಅದು ಶೋಕಿಗೆ ಹುಟ್ಟಿದ್ದಲ್ಲ, ಬ್ಯಾಟಿಗೆ ಹೋದ ಗಂಡಸು ಮನೆಗೆ ವಾಪಸ್ ಬರಲಿ ಅಂತ ಹುಟ್ಟಿದ್ದು.

ಇದರಾಗಿನ ದೊಡ್ಡ ಕೆಲಸ ಹೆಣ್ಮಕ್ಕಳದು. ಸೂಜಿಯನ್ನ ಚರ್ಮದ ಆಚೆ ಪಾರಾಗದಂಗ ಅರ್ಧ ದಪ್ಪದಾಗೇ ತಿರುಗಿಸಿ ಹೊಲೀತಿದ್ರು, ಯಾಕಂದ್ರ ಪೂರ್ತಿ ತೂತಾದ್ರ ಆ ತೂತಿನಾಗೇ ನೀರು ಬರ್ತದ. ಕೆಲವು ಕಡೆ ಸೀಲ್‌ನ ಕರುಳನ್ನ ತೊಳೆದು ಒಣಗಿಸಿ, ಪಟ್ಟಿ ಪಟ್ಟಿ ಜೋಡಿಸಿ ಹಗುರವಾದ ಮಳೆ ಅಂಗಿ ಮಾಡ್ತಿದ್ರು.

ಡೆನ್ಮಾರ್ಕ್‌ನ ರಾಷ್ಟ್ರೀಯ ಮ್ಯೂಸಿಯಂನಾಗ ಗ್ರೀನ್‌ಲ್ಯಾಂಡ್‌ನ ಒಂದು ತಿಮಿಂಗಿಲ ಬ್ಯಾಟಿಯ ಸೂಟ್ ಅದ, 19ನೇ ಶತಮಾನದ ಮೊದಲರ್ಧಕ್ಕೆ ಸೇರಿದ್ದು. ತಲೆಯಿಂದ ಕಾಲಿನ ತನಕ ಒಂದೇ ಉಡುಪು, ಮುಂಭಾಗದ ತೂತಿನಿಂದ ಒಳಗೆ ಹೋಗಿ ತೂತು ಬಿಗೀತಿದ್ರು. ಇವತ್ತಿನ ಡ್ರೈಸೂಟ್‌ನ ಅಜ್ಜ ಅಂತ ಇದನ್ನ ಕರೆದ್ರ ತಪ್ಪಾಗಲ್ಲ.

ಹಂದರದ ಮ್ಯಾಲೆ ಚರ್ಮ. ಈ ಮಾತು ನೆನಪಿಟ್ಕೊಳ್ರಿ, ಮುಂದಿನ ಪೋಸ್ಟ್‌ನಾಗ ನಮ್ಮೂರಿಗೆ ಬರ್ತೀವಿ.

ಭಾಗ 4/10 | ನಮ್ಮ ಹರಿಗೋಲು, ಅದರ ತೊಗಲು

ಬಿದಿರಿನ ಸೀಳುಗಳನ್ನ ದೊಡ್ಡ ಬುಟ್ಟಿಯಂಗ ಹೆಣೀರಿ. ಹೊರಗೆ ಎಮ್ಮೆ ಅಥವಾ ಎತ್ತಿನ ತೊಗಲು ಹೊದಿಸಿ ಅಂಚಿಗೆ ಬಿಗೀರಿ. ಹರಿಗೋಲು ತಯಾರು. ಅಲ್ಲಿ ಎಲುಬು, ಇಲ್ಲಿ ಬಿದಿರು. ಅಲ್ಲಿ ಸೀಲ್, ಇಲ್ಲಿ ಎಮ್ಮೆ. ಸಾವಿರಾರು ಮೈಲಿ ದೂರದ, ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದ ಎರಡು ಜನ ಒಂದೇ ಉಪಾಯಕ್ಕೆ ಬಂದು ಮುಟ್ಟಿದ್ರು: ಹಗುರ ಹಂದರ, ನೀರು ಬಿಡದ ತೊಗಲು.

ಇದು ಎಷ್ಟು ಹಳೇದು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆ ದಾಟೋ ಈ ಬುಟ್ಟಿದೋಣಿಗಳ ಬಗ್ಗೆ ಬರೆದಿಟ್ಟಾನ. ಒಳಗೆ ಹೆಣಿಗೆ, ಹೊರಗೆ ಚರ್ಮ, ಒಂದರಾಗ 15-20 ಮಂದಿ ಹಿಡೀತಾರ, ಬೇಕಾದ್ರ ಕುದುರೆ-ಎತ್ತುಗಳನ್ನೂ ಸಾಗಿಸ್ತಾರ, ಹುಟ್ಟು ಹಾಕಿದಾಗ ದೋಣಿ ಸುತ್ತುತಾನೇ ಇರ್ತದ ಅಂತ ಅವನ ವರ್ಣನೆ. ಅದೇ 1520ರ ಮೇ ತಿಂಗಳಾಗ ರಾಯಚೂರು ಯುದ್ಧ ಆಯ್ತು. ಕೃಷ್ಣದೇವರಾಯನ ಸೈನ್ಯದ ಎದುರು ಸೋತು ಓಡಿದ ಇಸ್ಮಾಯಿಲ್ ಆದಿಲ್ ಶಾಹನ ಸೈನಿಕರಾಗ ಎಷ್ಟೋ ಮಂದಿ ಕೃಷ್ಣಾ ನದಿಯಾಗ ಮುಳುಗಿ ಸತ್ರು. ಕತ್ತಿಯಿಂದ ತಪ್ಪಿಸಿಕೊಂಡವರನ್ನ ನದಿ ಬಿಡಲಿಲ್ಲ.

ಇನ್ನೊಂದು ಹೆಸರು ಕೇಳಿದ್ರ ಆಶ್ಚರ್ಯ ಆಗ್ತದ. 1815ರಾಗ ವಾಟರ್ಲೂನಾಗ ನೆಪೋಲಿಯನ್‌ನನ್ನ ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇದಾನಲ್ಲ, ಅವನು ಅದಕ್ಕೂ ಮುಂಚೆ ಆರ್ಥರ್ ವೆಲ್ಲೆಸ್ಲಿ ಅನ್ನೋ ಹೆಸರಿನಾಗ ನಮ್ಮ ದಖ್ಖನ್‌ನಾಗ ದಂಡಯಾತ್ರೆ ಮಾಡಿದವನು. ಮಳೆಗಾಲದ ನದಿ ದಾಟಾಕ ತನ್ನ ಸೈನ್ಯಕ್ಕ ಅವನು ಮಾಡಿಸಿದ್ದು ಇದೇ ಚರ್ಮದ ಬುಟ್ಟಿದೋಣಿ.

ರಾಜರು, ಜನರಲ್‌ಗಳು ದಾಟಿ ಹೋದ್ರು, ಅವರ ಹೆಸರು ಉಳೀತು. ದಾಟಿಸಿದ ಅಂಬಿಗರ ಹೆಸರು ಯಾರೂ ಬರೀಲಿಲ್ಲ. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನಂಥವರು ತಾವೇ ವಚನ ಹೇಳಿದ್ದಕ್ಕೆ ಆ ಕಸುಬಿನ ಒಂದು ಹೆಸರಾದ್ರೂ ನಮ್ಮ ಪಠ್ಯಪುಸ್ತಕದಾಗ ಅದ.

ಭಾಗ 5/10 | ದೋಣಿ ದುಂಡಗೆ ಯಾಕ?

ಕಯಾಕ್ ಸೂಜಿಯಂಗ ಉದ್ದ, ಹರಿಗೋಲು ರೊಟ್ಟಿಯಂಗ ದುಂಡು. ಯಾಕ? ಉತ್ತರ ನದಿಯಾಗೇ ಅದ.

ಹಳೆಯ ಗೆಜೆಟಿಯರ್‌ನಾಗ ಕೃಷ್ಣಾ ಬಗ್ಗೆ ಒಂದು ಲೆಕ್ಕ ಬರ್ತದ. ದಖ್ಖನ್‌ನ ಎತ್ತರದ ನೆಲದಿಂದ ಸುರಪುರ-ರಾಯಚೂರು ಬಯಲಿಗೆ ಇಳಿಯೋವಾಗ ನದಿ ಸುಮಾರು 3 ಮೈಲಿ ಅಂತರದಾಗ 400 ಅಡಿಗಿಂತ ಹೆಚ್ಚು ಕೆಳಗೆ ಬೀಳ್ತದ. ನಾರಾಯಣಪುರದ ಹತ್ತಿರ ಛಾಯಾ ಭಗವತಿಗೆ ಹೋದವರು ಆ ಬಂಡೆಗಳನ್ನ ನೋಡಿರ್ತೀರಿ. ಇಂಥ ಕಡೆ ಕೆಳಗೆ ಚೂಪಾದ, ಆಳಕ್ಕೆ ಇಳಿಯೋ ದೋಣಿ ತಂದ್ರ ಒಂದು ಬಂಡೆಗೆ ತಾಗಿ ಅಲ್ಲೇ ಸೀಳಿ ಹೋಗ್ತದ. ಹರಿಗೋಲಿನ ತಳ ಚಪ್ಪಟೆ. ಮೊಣಕಾಲು ನೀರಿದ್ರೂ ತೇಲ್ತದ, ಬಂಡೆ ತಾಗಿದ್ರ ಬಿದಿರು ಬಾಗಿ ಜಾರ್ಕೊಳ್ತದ. ನೀರು ಮುಗಿದಲ್ಲಿ ತಲೆಮ್ಯಾಲೆ ಹೊತ್ಕೊಂಡು ನಡೀಬಹುದು.

ಅಂಬಿಗ ಎದುರಿನ ದಂಡೆಗೆ ನೇರ ಹುಟ್ಟು ಹಾಕಲ್ಲ. ಮೊದಲು ದಂಡೆ ಹಿಡ್ಕೊಂಡು ಮ್ಯಾಲಕ್ಕೆ ಹೋಗ್ತಾನ, ಆಮೇಲೆ ಹರಿವಿಗೆ ಓರೆಯಾಗಿ ಬಿಡ್ತಾನ. ನೀರು ಕೆಳಕ್ಕೆ ಒಯ್ತದ, ಹುಟ್ಟು ಅಡ್ಡಕ್ಕೆ ಒಯ್ತದ, ಎರಡೂ ಸೇರಿ ಬೇಕಾದ ಘಟ್ಟಕ್ಕೆ ಮುಟ್ಟಿಸ್ತದ. ಇವತ್ತು ಕಯಾಕ್ ಕಲಿಸೋ ಶಾಲೆಯಾಗ ಇದನ್ನ ‘ಫೆರ್ರಿ ಆಂಗಲ್’ ಅಂತ ಹೆಸರಿಟ್ಟು ಹೇಳಿಕೊಡ್ತಾರ. ಫೆರ್ರಿ ಅಂದ್ರ ಕಡುವು ದಾಟಿಸೋದು. ಹೆಸರಾಗೇ ಅಂಬಿಗ ಇದಾನ.

ತೊಗಲಿಗೆ ಒಂದು ಕಷ್ಟ ಇತ್ತು. ಸದಾ ನೀರಿನಾಗ ಬಿಟ್ರ ಕೊಳೀತದ, ಸದಾ ಬಿಸಿಲಿನಾಗ ಬಿಟ್ರ ಒಡೀತದ. ಅದಕ್ಕೇ ಕೆಲಸ ಮುಗಿದ ಮ್ಯಾಲೆ ಬೋರಲು ಹಾಕಿ ಒಣಗಿಸೋದು, ಎಣ್ಣೆ ಹಚ್ಚೋದು ನಡೀತಿತ್ತು. ಈಗ ತೊಗಲಿನ ಜಾಗಕ್ಕ ಡಾಂಬರು ಹಚ್ಚಿದ ಪ್ಲಾಸ್ಟಿಕ್ ಚೀಲ, ಎಷ್ಟೋ ಕಡೆ ಪೂರ್ತಿ ಫೈಬರ್. ತಿಂಥಣಿ, ಕೊಳ್ಳೂರು ಸೇತುವೆ ಬಂದ ಮ್ಯಾಲೆ ಅಂಬಿಗನ ಕೆಲಸವೂ ಕಡಿಮೆ ಆಯ್ತು. ಆದ್ರ 2019ರ ಆಗಸ್ಟ್ ನೆನಪು ಮಾಡ್ಕೊಳ್ರಿ. ಶಹಾಪುರ ತಾಲ್ಲೂಕಿನ ಕೊಳ್ಳೂರು (ಎಂ) ಸೇತುವೆ ಮ್ಯಾಲೇ ಕೃಷ್ಣಾ ಹರಿದು, ರಾಯಚೂರು ಕಡೆ ದಾರಿ ಬಂದ್ ಆಗಿತ್ತು. ನದಿ ತನ್ನ ಹಳೇ ಲೆಕ್ಕ ಇನ್ನೂ ಮುಚ್ಚಿಲ್ಲ.

ಭಾಗ 6/10 | ಸೋರೆಬುರುಡೆಯ ಗಣಿತ

ಹರಿಗೋಲು ಇಲ್ಲದವರು ಏನು ಮಾಡ್ತಿದ್ರು? ನಿಮ್ಮ ಅಜ್ಜನ್ನ ಕೇಳ್ರಿ. ಒಣಗಿದ ಸೋರೆಬುರುಡೆ ಸೊಂಟಕ್ಕೋ ಬೆನ್ನಿಗೋ ಕಟ್ಕೊಂಡು ಬಾವ್ಯಾಗ ಈಜು ಕಲಿತ ಕತೆ ನಮ್ಮ ಕಡೆ ಎಷ್ಟೋ ಮನೆಯಾಗ ಅದ. ಆಮೇಲೆ ಬೆಂಡು ಬಂತು, ಟ್ಯೂಬ್ ಬಂತು, ಎಣ್ಣೆ ಕ್ಯಾನ್ ಬಂತು.

ಇದೂ ಜಗತ್ತಿನ ಹಳೇ ವಿದ್ಯೆ. ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಾಗ ಅಸ್ಸೀರಿಯಾದ ಕಲ್ಲಿನ ಉಬ್ಬುಚಿತ್ರಗಳಿದಾವ, ಇವತ್ತಿನ ಇರಾಕ್‌ನ ನಿಮ್ರುದ್ ಅರಮನೆಯವು, ಕ್ರಿಸ್ತಪೂರ್ವ 9ನೇ ಶತಮಾನದವು. ಅದರಾಗ ಮಂದಿ ಗಾಳಿ ತುಂಬಿದ ಆಡಿನ ಚರ್ಮ ಅಪ್ಕೊಂಡು ನದಿ ದಾಟ್ತಾರ. ಟ್ಯೂಬ್ ಹಿಡ್ಕೊಂಡು ಈಜೋ ನಮ್ಮ ಹುಡುಗರ ಫೋಟೋ ಪಕ್ಕದಾಗ ಇಟ್ಟು ನೋಡ್ರಿ, ಫರಕ್ಕು ಕಾಣೋದು ಗಡ್ಡದಾಗ ಮಾತ್ರ.

ಈಗ ಲೆಕ್ಕ. ಆರ್ಕಿಮಿಡೀಸ್ ಹೈಸ್ಕೂಲ್‌ನಾಗೇ ಹೇಳಿ ಹೋಗ್ಯಾನ: ಎಷ್ಟು ನೀರು ಸರಿದು ಜಾಗ ಬಿಟ್ಟಿತೋ ಅಷ್ಟು ತೂಕದ ಬಲ ಮ್ಯಾಲಕ್ಕೆ ಎತ್ತತದ. 5 ಲೀಟರ್ ಹಿಡಿಯೋ ಒಣ ಬುರುಡೆ ಪೂರ್ತಿ ಮುಳುಗಿದ್ರ, ತನ್ನ ತೂಕ ಕಳೆದು, ಸುಮಾರು 4 ಕೆಜಿಗಿಂತ ಹೆಚ್ಚಿಗೆ ಎತ್ತತದ. ಅಷ್ಟೇನಾ ಅಂತೀರಿ. ಮನುಷ್ಯನ ಮೈ ಹೆಚ್ಚುಕಮ್ಮಿ ನೀರಿನಷ್ಟೇ ತೂಕದ್ದು, ಅದಕ್ಕ ತಲೆ ಮ್ಯಾಲೆ ಇರಾಕ ಭಾಳ ಬಲ ಬೇಡ. ಅಮೆರಿಕದ ಕರಾವಳಿ ರಕ್ಷಣಾ ಪಡೆ ದೊಡ್ಡವರ ಸಾದಾ ಫೋಮ್ ಜಾಕೆಟ್‌ಗೆ ಕೇಳೋದು ಕನಿಷ್ಠ 15.5 ಪೌಂಡ್, ಅಂದ್ರ ಸುಮಾರು 7 ಕೆಜಿ. ಎರಡು ಒಳ್ಳೆ ಬುರುಡೆ ಆ ಅಂಕಿಯನ್ನ ಮುಟ್ತಾವ.

ಹಂಗಾದ್ರ ಬುರುಡೆಗೂ ಜಾಕೆಟ್‌ಗೂ ಫರಕ್ಕೇನು? ಬುರುಡೆ ಬಂಡೆಗೆ ತಾಗಿದ್ರ ಒಡೀತದ, ಒಡೆದ ಮ್ಯಾಲೆ ಅದು ಬರೀ ಸಿಪ್ಪೆ. ಗಂಟು ಜಾರಿದ್ರ ಸೊಂಟದ ಕಡೆ ಹೋಗಿ ಕಾಲನ್ನ ಎತ್ತಿ ತಲೆಯನ್ನ ಮುಳುಗಿಸ್ತದ. ಜಾಕೆಟ್ ಎದೆಗೆ ಬಿಗಿದಿರ್ತದ, ಹರಿದ್ರೂ ಒಳಗಿನ ಫೋಮ್ ತೇಲ್ತದ. ಬುರುಡೆ ಕಟ್ಟಿದವರು ದಡ್ಡರಲ್ಲ, ಕೈಗೆ ಸಿಕ್ಕಿದ್ದರಾಗ ಸರಿಯಾದ್ದನ್ನೇ ಆರಿಸಿದ್ರು. ಆದ್ರ ಕೈಗೆ ಸಿಕ್ಕಿದ್ದು ಅಷ್ಟೇ ಇತ್ತು.

ಭಾಗ 7/10 | 2014, ನೀಲಕಂಠರಾಯನ ಗಡ್ಡಿ

ಈ ಭಾಗ ನಿಧಾನವಾಗಿ ಓದ್ರಿ.

ಸುರಪುರ ತಾಲ್ಲೂಕಿನ ಕಕ್ಕೇರಾ ಕಡೆ, ಕೃಷ್ಣಾ ನದಿ ನಡುವೆ ಒಂದು ನಡುಗಡ್ಡೆ ಅದ, ನೀಲಕಂಠರಾಯನ ಗಡ್ಡಿ. ನೀರು ಕಡಿಮೆ ಇದ್ದಾಗ ಜನ ಹೆಂಗೋ ದಾಟ್ತಿದ್ರು. ಮಳೆಗಾಲದಾಗ, ಮ್ಯಾಲಿನ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ, ಊರು ಸುತ್ತಲಿನ ಲೋಕದಿಂದ ಕಡೀತಿತ್ತು.

2014ರ ಜುಲೈ ಕೊನೆಯ ದಿನಗಳು. ಊರಿನ 22 ವರ್ಷದ ಒಬ್ಬ ಹೆಣ್ಮಗಳು ಒಂಬತ್ತು ತಿಂಗಳ ಬಸುರಿ. ಊರಾಗ ಆಸ್ಪತ್ರೆ ಇಲ್ಲ. ನದಿ ಉಕ್ಕಿ ಹರಿತಿತ್ತು. ಆಕೆ ಒಣಗಿದ ಸೋರೆ-ಕುಂಬಳದ ಬುರುಡೆಗಳನ್ನ ಮೈಗೆ ಕಟ್ಕೊಂಡು ಆ ಪ್ರವಾಹಕ್ಕ ಇಳಿದಳು. ಅಪ್ಪ, ಅಣ್ಣತಮ್ಮಂದಿರು ಸುತ್ತ ಈಜಿದ್ರು. ಹರಿವು ಕೆಳಕ್ಕೆ ಎಳೀತಿದ್ದದ್ದಕ್ಕ ನದಿಯ ಅಗಲಕ್ಕಿಂತ ಎಷ್ಟೋ ಹೆಚ್ಚು ದೂರ ಈಜಿ ಆಕೆ ಆಚೆ ದಂಡೆ ಸೇರಿದಳು. ಸುದ್ದಿ ದೇಶ-ವಿದೇಶದ ಪತ್ರಿಕೆಯಾಗ ಬಂತು. ಹೆಸರನ್ನ ನಾನಿಲ್ಲಿ ಬರೆಯಲ್ಲ, ಆಕೆ ಸೆಲೆಬ್ರಿಟಿ ಆಗಾಕ ಈಜಿದವಳಲ್ಲ.

ಆವಾಗ ಎಲ್ಲರೂ ಧೈರ್ಯ, ಧೈರ್ಯ ಅಂದ್ರು. ಧೈರ್ಯ ಖರೆ. ಆದ್ರ ಆಕೆ ಮಾಡಿದ್ದನ್ನ ಕಯಾಕಿಗರ ಕಣ್ಣಿನಿಂದ ಒಂದ್ಸಲ ನೋಡ್ರಿ. ತೇಲಾಕ ಬುರುಡೆ: ಅದು ಲೈಫ್ ಜಾಕೆಟ್. ಸುತ್ತ ನೀರು ಗೊತ್ತಿರೋ ಮಂದಿ: ಅದು ರೆಸ್ಕ್ಯೂ ಟೀಮ್. ಹರಿವಿನ ಜೋಡಿ ಜಗಳ ಆಡದೇ ಓರೆಯಾಗಿ ಸಾಗೋದು: ಅದು ಅಂಬಿಗನ ವಿದ್ಯೆ. ಹುಚ್ಚು ಸಾಹಸ ಅನ್ನೋಕಿಂತ ಇದನ್ನ ಲೆಕ್ಕ ಹಾಕಿ ತಗೊಂಡ ರಿಸ್ಕ್ ಅನ್ನೋದು ಸರಿ.

ಇನ್ನೊಂದು ಸಂಗತಿ. ಕೃಷ್ಣಾದ ನೀರು ಬೆಚ್ಚಗಿತ್ತು. ಅದೇ ಹೊತ್ತು ಅದೇ ಹೆಣ್ಮಗಳು ಹಿಮದ ನದಿಯಾಗ ಇಳಿದಿದ್ರ ಎಂಥ ಬುರುಡೆ ಕಟ್ಟಿದ್ರೂ ಮೊದಲ ಹತ್ತು ನಿಮಿಷದಾಗೇ ಕೈಕಾಲು ಸೋತುಬಿಡ್ತಿದ್ವು. ನಮ್ಮ ನದಿಯಾಗ ಕೊಲ್ಲೋದು ಚಳಿ ಅಲ್ಲ, ಹರಿವು. ಆಕೆ, ಆಕೆಯ ಮನೆಯವರು ತಮ್ಮ ನೀರನ್ನ ಸರಿಯಾಗಿ ಓದಿದ್ರು.

ಆದ್ರ ಆರಿಸ್ಕೊಳ್ಳೋ ಅವಕಾಶ ಅವರಿಗೆ ಎಲ್ಲಿತ್ತು? ನಾವು ಅಂಗಡಿಯಾಗ ಜಾಕೆಟ್ ಆರಿಸ್ತೀವಿ. ಆಕೆಯ ಮುಂದೆ ಇದ್ದದ್ದು ಒಂದು ಕಡೆ ನದಿ, ಇನ್ನೊಂದು ಕಡೆ ಆಸ್ಪತ್ರೆ ಇಲ್ಲದ ಹೆರಿಗೆ.

ಭಾಗ 8/10 | ರಬ್ಬರ್ ಬಂತು

ಸೀಲ್ ಚರ್ಮದಿಂದ ಇವತ್ತಿನ ಸೂಟ್ ತನಕ ಬಂದದ್ದು ಹೆಂಗ? ಬೇಗ ಬೇಗ ನೋಡೋಣ.

1823: ಸ್ಕಾಟ್ಲೆಂಡ್‌ನ ಚಾರ್ಲ್ಸ್ ಮ್ಯಾಕಿಂಟಾಶ್ ಎರಡು ಬಟ್ಟೆ ನಡುವೆ ರಬ್ಬರ್ ಪದರ ಇಟ್ಟು ನೀರು ಬಿಡದ ಬಟ್ಟೆಗೆ ಪೇಟೆಂಟ್ ತಗೊಂಡ. ಕಷ್ಟ ಏನಂದ್ರ ಬಿಸಿಲಿಗೆ ಅದು ಅಂಟಂಟು, ಚಳಿಗೆ ಹಪ್ಪಳದಂಗ ಬಿರುಸು.

1837: ಲಂಡನ್‌ನಾಗ ಅಗಸ್ಟಸ್ ಸೀಬ ಮುಚ್ಚಿದ ಡೈವಿಂಗ್ ಉಡುಪು ಮಾಡಿದ. ತಾಮ್ರದ ಹೆಲ್ಮೆಟ್, ಅದಕ್ಕೇ ಜೋಡಿಸಿದ ನೀರು ಬಿಡದ ಸೂಟ್, ಮ್ಯಾಲಿನಿಂದ ಪಂಪ್ ಗಾಳಿ. ಹಳೇ ಸಿನಿಮಾದಾಗ ಸಮುದ್ರದ ತಳಕ್ಕ ನಡೆಯೋ ಮನುಷ್ಯ ಇವನೇ.

1844: ಚಾರ್ಲ್ಸ್ ಗುಡ್‌ಇಯರ್‌ಗೆ ವಲ್ಕನೈಸ್ ಮಾಡಿದ ರಬ್ಬರ್‌ಗೆ ಅಮೆರಿಕದ ಪೇಟೆಂಟ್ ಸಿಕ್ತು. ಗಂಧಕ ಸೇರಿಸಿ ಕಾಯಿಸಿದ ರಬ್ಬರ್ ಬಿಸಿಲಿಗೂ ಅಂಟಲ್ಲ, ಚಳಿಗೂ ಒಡೆಯಲ್ಲ.

1875: ಪಾಲ್ ಬಾಯ್ಟನ್ ಅನ್ನೋ ಆಸಾಮಿ ಗಾಳಿ ತುಂಬೋ ರಬ್ಬರ್ ಸೂಟ್ ಹಾಕ್ಕೊಂಡು, ಬೆನ್ನ ಮ್ಯಾಲೆ ಮಲಗಿ, ಎರಡು ಕಡೆ ಅಲಗಿರೋ ಹುಟ್ಟು ಹಾಕ್ತಾ ಇಂಗ್ಲಿಷ್ ಕಡಲ್ಗಾಲುವೆ ದಾಟಿದ. ದೋಣಿ ಇಲ್ಲ, ಮನುಷ್ಯನೇ ಕಯಾಕ್! ಆ ಸೂಟ್ ಮೂಲತಃ ಹಡಗಿನ ಪ್ರಯಾಣಿಕರ ಜೀವ ಉಳಿಸಾಕ ಮೆರಿಮನ್ ಎಂಬಾತ ಮಾಡಿದ್ದು.

1952: ಕ್ಯಾಲಿಫೋರ್ನಿಯಾದ ಭೌತಶಾಸ್ತ್ರಜ್ಞ ಹ್ಯೂ ಬ್ರಾಡ್ನರ್ ಬ್ಯಾರೆ ದಾರಿ ಹಿಡಿದ. ನೀರನ್ನ ತಡೆಯೋದ್ಯಾಕ, ಸ್ವಲ್ಪ ಒಳಗೆ ಬರಲಿ ಅಂದ. ಗುಳ್ಳೆ ತುಂಬಿದ ನಿಯೋಪ್ರೀನ್ ಮೈಗೆ ಅಂಟಿರ್ತದ, ಒಳಗೆ ಬಂದ ತೆಳ್ಳನೆ ನೀರನ್ನ ಮೈಯೇ ಬೆಚ್ಚಗೆ ಮಾಡ್ತದ. ಇದು ವೆಟ್‌ಸೂಟ್.

1969: ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಪ್ಲಾಸ್ಟಿಕ್ಕನ್ನ ಥಟ್ಟನೆ ಜಗ್ಗಿ ಎಳೆದಾಗ ಅದು ಸಣ್ಣ ಸಣ್ಣ ರಂಧ್ರದ ಪದರ ಆಯ್ತು. ನೀರಹನಿ ದಾಟದಷ್ಟು ಸಣ್ಣ, ಬೆವರಿನ ಆವಿ ದಾಟುವಷ್ಟು ದೊಡ್ಡ. 1976ಕ್ಕೆ ಗೋರ್‌ಟೆಕ್ಸ್ ಬಟ್ಟೆ ಮಾರುಕಟ್ಟೆಗೆ ಬಂತು. ಆಮೇಲೆ ಡ್ರೈಸೂಟ್ ಒಳಗೆ ಕೂತವನು ತನ್ನ ಬೆವರಿನಾಗೇ ತೊಯ್ಯೋದು ಕಡಿಮೆ ಆಯ್ತು.

ನೋಡ್ರಿ, ಮುಖ, ಮುಂಗೈ, ಸೊಂಟ ಬಿಗಿಯೋ ತುಯಿಲಿಕ್‌ನ ಉಪಾಯ ಹಂಗೇ ಉಳೀತು. ಬದಲಾದದ್ದು ಸಾಮಾನು.

ಭಾಗ 9/10 | ಡ್ರೈಸೂಟ್ ಆರಿಸೋದು ಹೆಂಗ (ಸೇವ್ ಮಾಡ್ಕೊಳ್ರಿ)

ಲಡಾಖ್‌ನ ಜಂಸ್ಕಾರ್, ಸಿಂಧೂ ನದಿಗೆ ಕಯಾಕ್ ಮಾಡಾಕ ಹೋಗೋ ಕನಸು ಇದ್ದವರಿಗೆ, ಮತ್ತ ಕೆನಡಾ, ನಾರ್ವೆ ಕಡೆ ಓದಾಕ, ಕೆಲಸಕ್ಕ ಹೋಗೋ ದೋಸ್ತರಿಗೆ ಈ ಪೋಸ್ಟ್.

▪️ ಮೊದಲು ನೀರಿನ ಬಿಸಿ ಕೇಳ್ರಿ. 15 ಡಿಗ್ರಿಗಿಂತ ಕೆಳಗಿದ್ರ ಸಾದಾ ಬಟ್ಟೆಯ ಮಾತೇ ಬ್ಯಾಡ. ಸ್ವಲ್ಪ ಹೊತ್ತಿನ, ದಂಡೆ ಹತ್ತಿರದ ಆಟಕ್ಕ ವೆಟ್‌ಸೂಟ್ ಸಾಕಾಗಬಹುದು. ಹಿಮದ ನೀರು, ಉದ್ದ ಪ್ರಯಾಣ, ದೂರದ ದಂಡೆ ಇದ್ರ ಡ್ರೈಸೂಟ್.

▪️ ಡ್ರೈಸೂಟ್ ಬೆಚ್ಚಗಿಡಲ್ಲ, ಒಣಗಿಡ್ತದ ಅಷ್ಟೇ. ಬೆಚ್ಚಗಿಡೋದು ಒಳಗಿನ ಉಣ್ಣೆ ಅಥವಾ ಫ್ಲೀಸ್. ಹತ್ತಿ ಬನಿಯನ್ ಬ್ಯಾಡ, ಬೆವರು ಹಿಡ್ಕೊಂಡು ತಣ್ಣಗೆ ಮಾಡ್ತದ.

▪️ ಕುತ್ತಿಗೆ, ಮುಂಗೈ ಪಟ್ಟಿ: ಲೇಟೆಕ್ಸ್ ಇದ್ರ ನೀರು ಚೆಂದ ತಡೀತದ, ಆದ್ರ ಬಿಸಿಲು, ಸನ್‌ಸ್ಕ್ರೀನ್, ಉಗುರು ಅದರ ವೈರಿ. ನಿಯೋಪ್ರೀನ್ ಗಟ್ಟಿ, ಸ್ವಲ್ಪ ನೀರು ಬಿಡ್ತದ. ಉಸಿರು ಕಟ್ಟೋವಷ್ಟು ಬಿಗಿ ಇರಬಾರದು.

▪️ ಜಿಪ್: ಸೂಟ್‌ನ ಜೀವ ಅಲ್ಲೇ. ಒಬ್ಬರೇ ಎಳೀಬಹುದಾ ನೋಡ್ರಿ. ಕೊನೆಯ ಹಲ್ಲಿನ ತನಕ ಮುಚ್ಚಬೇಕು. ಅರ್ಧ ಬೆರಳು ತೆರೆದಿದ್ರೂ ಅದು ಬರೀ ಅಂಗಿ.

▪️ ಅಳತೆ: ಹಾಕ್ಕೊಂಡು ಕುಕ್ಕರಗಾಲಿನಾಗ ಕೂರ್ರಿ, ಎರಡೂ ಕೈ ಮ್ಯಾಲೆತ್ರಿ, ಹುಟ್ಟು ಹಾಕಿದಂಗ ತಿರುಗ್ರಿ. ಎಲ್ಲೂ ಜಗ್ಗಬಾರದು.

▪️ ಗಾಳಿ ಹೊರಹಾಕೋದು ಮರೀಬ್ಯಾಡ್ರಿ. ಕುಕ್ಕರಿಸಿ, ಕುತ್ತಿಗೆ ಪಟ್ಟಿ ಸ್ವಲ್ಪ ಬಿಡಿಸಿದ್ರ ಒಳಗಿನ ಗಾಳಿ ಹೋಗ್ತದ. ಇಲ್ಲಾಂದ್ರ ಗಾಳಿ ಕಾಲಿಗೆ ಸೇರಿ ಕಾಲು ಮ್ಯಾಲೆ, ತಲೆ ಕೆಳಗೆ.

▪️ ಡ್ರೈಸೂಟ್ ಲೈಫ್ ಜಾಕೆಟ್ ಅಲ್ಲ. ಅದರ ಮ್ಯಾಲೆ ಜಾಕೆಟ್ ಬೇಕೇ ಬೇಕು. ಸೂಟ್ ಹರಿದು ನೀರು ತುಂಬಿದ್ರ ಅದು ಕೆಳಕ್ಕ ಎಳೆಯಲ್ಲ, ಯಾಕಂದ್ರ ನೀರಿನಾಗ ನೀರಿಗೆ ತೂಕ ಇಲ್ಲ. ಆದ್ರ ಬೆಚ್ಚನೆ ಹೋಗ್ತದ, ದೋಣಿ ಹತ್ತಾಕ ಆಗಲ್ಲ.

▪️ ಮೊದಲ ಪರೀಕ್ಷೆ ಸೊಂಟದ ನೀರಿನಾಗ, ದೋಸ್ತ್ ಪಕ್ಕದಾಗ.

ಈಗ ಬಿಕಾಂ ಮಾತು. ಒಳ್ಳೆಯ ಸೂಟ್ ಅಮೆರಿಕದಾಗೇ ಸಾವಿರ ಡಾಲರ್ ದಾಟ್ತದ. ಲೇಟೆಕ್ಸ್ ಪಟ್ಟಿ ಕೆಲವು ವರ್ಷಕ್ಕ ಬದಲಾಯಿಸಬೇಕು, ಜಿಪ್‌ಗೆ ಮೇಣ ಹಚ್ಚಬೇಕು, ಪ್ರತಿ ಸಲ ಸಿಹಿನೀರಿನಾಗ ತೊಳೆದು ನೆರಳಿನಾಗ ಒಣಗಿಸಬೇಕು. ಅಂದ್ರ ಖರೀದಿ ಬೆಲೆ ಒಂದು, ಡಿಪ್ರಿಸಿಯೇಷನ್ ಇನ್ನೊಂದು. ವರ್ಷಕ್ಕ ಎರಡು ದಿನ ಹೋಗೋವ್ರು ಬಾಡಿಗೆಗೆ ತಗೊಳ್ಳೋದೇ ಲೇಸು. ಹರಿಗೋಲಿನ ತೊಗಲಿಗೆ ಎಣ್ಣೆ ಹಚ್ಚಿ ಬೋರಲು ಹಾಕ್ತಿದ್ದ ಅಂಬಿಗನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ.

ಭಾಗ 10/10 | ನಮ್ಮ ನೀರಿಗೆ ಏನು?

ಮೇ ತಿಂಗಳಾಗ ಭೀಮಾ ದಂಡೆಯಾಗ ಡ್ರೈಸೂಟ್ ಹಾಕ್ಕೊಂಡ್ರ ನೀರಿಗಿಂತ ಮುಂಚೆ ಬಿಸಿಲೇ ನಿಮ್ಮನ್ನ ಕೆಡವತದ. ನಮ್ಮ ನೀರಿಗೆ ಅದು ಬ್ಯಾಡ. ಆದ್ರ ಅದನ್ನ ಆರಿಸೋವಾಗ ಕೇಳೋ ಪ್ರಶ್ನೆ ಇಲ್ಲೂ ಬೇಕು: ಈ ನೀರಿನಾಗ ನನ್ನನ್ನ ಕೊಲ್ಲೋದು ಏನು?

ಇಲ್ಲಿ ಕೊಲ್ಲೋದು ಹರಿವು, ಬಂಡೆ, ಕಾಣದ ಗುಂಡಿ, ಕಾಲುವೆಯ ಪಾಚಿಗಟ್ಟಿದ ಜಾರು ದಂಡೆ, ಮ್ಯಾಲೆ ಗೇಟ್ ತೆರೆದಾಗ ಏಕಾಏಕಿ ಏರೋ ನೀರು. ಇದಕ್ಕ ಸರಿಯಾದ ಅಂಗಿ:

▪️ ಮೈಗೆ ಸರಿ ಹೊಂದೋ ಲೈಫ್ ಜಾಕೆಟ್. ಬಕಲ್ ಹಾಕಿ, ಭುಜದ ಪಟ್ಟಿ ಹಿಡಿದು ಯಾರಾದ್ರೂ ಮ್ಯಾಲೆತ್ತಲಿ. ಕಿವಿ ತನಕ ಏರಿದ್ರ ಅದು ನಿಮ್ಮ ಅಳತೆ ಅಲ್ಲ. ಅದರ ಬೆಲೆ ನಿಮ್ಮ ಕೈಯಾಗಿರೋ ಫೋನ್‌ಗಿಂತ ಎಷ್ಟೋ ಕಡಿಮೆ.
▪️ ಜೀನ್ಸ್ ಬ್ಯಾಡ. ತೊಯ್ದ ಜೀನ್ಸ್‌ನಾಗ ಕಾಲು ಬಡಿಯಾಕ ಆಗಲ್ಲ.
▪️ ನೀರು ಬಿಡೋ ಮುನ್ನೆಚ್ಚರಿಕೆ ಬಂದ ದಿನ ದಂಡೆಗೆ ಇಳೀಬ್ಯಾಡ್ರಿ. ದಂಡೆ ಊರಿನವರನ್ನ, ಮೀನು ಹಿಡಿಯೋವ್ರನ್ನ ಕೇಳ್ರಿ. ಆ ನೀರನ್ನ ಓದಾಕ ಬರೋದು ಅವರಿಗೆ.
▪️ ಯಾರಾದ್ರೂ ಮುಳುಗಾಕತ್ರ ಹಿಂದೆ ಜಿಗೀಬ್ಯಾಡ್ರಿ. ಹಗ್ಗ, ಸೀರೆ, ಪಂಚೆ, ಖಾಲಿ ಕ್ಯಾನ್, ಏನು ಸಿಕ್ರೂ ಎಸೀರಿ. ಒಬ್ಬನ ಹಿಂದೆ ಇನ್ನೊಬ್ಬ ಹೋಗಿ ಇಬ್ಬರೂ ಹೋದ ಸುದ್ದಿ ನಾವು ಭಾಳ ಓದೀವಿ.

ಕೊನೆಗೊಂದು ಮಾತು. ಸೀಲ್ ಚರ್ಮ ಹೊಲಿದ ಹೆಣ್ಮಗಳು, ತೊಗಲಿಗೆ ಎಣ್ಣೆ ಹಚ್ಚಿದ ಅಂಬಿಗ, ಬುರುಡೆ ಕಟ್ಕೊಂಡ ಆ ಬಸುರಿ, ಇವರ್ಯಾರೂ ಮಜಾಕ್ಕ ನೀರಿಗೆ ಇಳಿದವರಲ್ಲ. ಇಳಿಯಲೇಬೇಕಾಗಿತ್ತು, ಅದಕ್ಕೇ ಅಷ್ಟು ಯೋಚಿಸಿ ಇಳಿದ್ರು. ನಮಗ ಇಳಿಯೋದು ಬಿಡೋದು ನಮ್ಮ ಕೈಯಾಗ ಅದ. ಹದಿನೈದು ಸೆಕೆಂಡಿನ ರೀಲ್‌ಗೆ ಇಳಿಯೋ ನಾವು ಅವರ ಅರ್ಧದಷ್ಟಾದ್ರೂ ಯೋಚಿಸಬಾರದೇನು?

ಮತ್ತ ಯಾರಿಗೆ ಆ ಆಯ್ಕೆಯೇ ಇಲ್ಲೋ, ಅವರಿಗೆ ಜಾಕೆಟ್ ಆರಿಸೋ ಟಿಪ್ಸ್ ಕೊಟ್ರ ನಗಪಾಟಲು. ನದಿ ನಡುವಿನ ಊರಿಗೆ ಬೇಕಾದ್ದು ಸೇತುವೆ, ಮಳೆಗಾಲಕ್ಕ ಮುಂಚೆ ಬರೋ ದೋಣಿ, ಹೆರಿಗೆ ದಿನ ಹತ್ತಿರ ಬಂದವರನ್ನ ನೀರು ಏರೋ ಮುಂಚೆ ಕರ್ಕೊಂಡು ಹೋಗೋ ವ್ಯವಸ್ಥೆ. ಸೇತುವೆ ಅಂದ್ರ ಇಡೀ ಊರು ಒಟ್ಟಿಗೆ ಹಾಕ್ಕೊಳ್ಳೋ ಡ್ರೈಸೂಟ್. ಅದನ್ನ ಕೇಳೋದು ಆ ಊರಿನವರ ಕೆಲಸ ಮಾತ್ರ ಅಲ್ಲ, ಮತ ಹಾಕೋ ವಯಸ್ಸಿಗೆ ಬಂದ ನಮ್ಮೆಲ್ಲರದೂ.

ನಿಮ್ಮ ಊರಾಗ ಹಿರಿಯರು ಏನು ಕಟ್ಕೊಂಡು ಈಜು ಕಲಿತ್ರು? ಬುರುಡೆ, ಬೆಂಡು, ಟ್ಯೂಬ್? ಮನೆಯಾಗ ಕೇಳಿ ಕಮೆಂಟ್‌ನಾಗ ಬರೀರಿ. ಹಳೇ ಹರಿಗೋಲಿನ ಫೋಟೋ ಇದ್ರ ಕಳಿಸ್ರಿ. ನದಿಗೆ ಹೋಗೋ ಪ್ಲ್ಯಾನ್ ಹಾಕಿರೋ ಆ ಒಬ್ಬ ದೋಸ್ತ್‌ಗೆ ಈ ಭಾಗ ಶೇರ್ ಮಾಡ್ರಿ.

#ಯಾದಗಿರಿ #ಶಹಾಪುರ #ಸುರಪುರ #ಕೃಷ್ಣಾನದಿ #ಭೀಮಾನದಿ #ಹರಿಗೋಲು #ನಮ್ಮಇತಿಹಾಸ